ತಿಂದವರು ಯಾರು ಎಂಬ ಕಾಲಂ

ಅವರು ಯಾವ ಕಾಗದವನ್ನೂ ಮೊದಲು ಓದುತ್ತಿರಲಿಲ್ಲ. ಎರಡೂ ಕೈಯಲ್ಲಿ ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆಮೇಲೆ ಹಿಂಬದಿ ತಿರುಗಿಸುತ್ತಿದ್ದರು. ಹಿಂಬದಿಯಲ್ಲಿ ಏನೂ ಇಲ್ಲದಿದ್ದರೆ ಅವರಿಗೆ ಇನ್ನಷ್ಟು ಅನುಮಾನ. ಕೊನೆಗೆ ಓದಲು ಶುರು ಮಾಡುತ್ತಿದ್ದದ್ದೂ ಕೆಳಗಿನ ಸಾಲಿನಿಂದ. "ಸುಳ್ಳು ಯಾವಾಗ್ಲೂ ಅಡಿಯಲ್ಲಿ ಕೂತಿರ್ತದೆ, ಸಣ್ಣ ಅಕ್ಷರದಲ್ಲಿ" ಎನ್ನುತ್ತಿದ್ದರು. ನನ್ನ ಮಗಳ ಹುಟ್ಟುಹಬ್ಬಕ್ಕೆ ಕರೆದ ಕಾರ್ಡನ್ನೂ ಹೀಗೇ ಬೆಳಕಿಗೆ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಕೆಳಗೆ ಅವರ ಮನೆ. ಮಂಗಳೂರು ಕಡೆಯವರು. ಅಲ್ಲಿ ಬಂದರಿನಲ್ಲಿ ಗುಮಾಸ್ತರಾಗಿದ್ದವರು, ಈ ದೇಶಕ್ಕೆ ಬಂದ ಮೇಲೆ ಹೇವರ್ಡ್‌ನ ಒಂದು ಗೋದಾಮಿನಲ್ಲಿ ಇಪ್ಪತ್ತೈದು ವರ್ಷ, ಹಡಗಿನಿಂದ ಬಂದ ಸರಕನ್ನು ಕಾಗದಗಳ ಜೊತೆ ತಾಳೆ ನೋಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ತನ್ನನ್ನು ಕೇಳದೆ ಯಾರೋ ತನ್ನ ಹೆಸರು ಬರೆದರು ಎಂದು ಗೊತ್ತಾದರೆ ಅವರಿಗೆ ಎಲ್ಲಿದ್ದರೂ ಸಮಾಧಾನ ಇರಲಿಕ್ಕಿಲ್ಲ.

ಈ ವಿಷಯದಲ್ಲಿ ನಾನೂ ಕಡಿಮೆಯವಳಲ್ಲ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗು ನೋಡಿಕೊಳ್ಳುತ್ತೇನೆ. ಕಿತ್ತು ಹಾಕಿದ ಹಲ್ಲಿಗೆ ಮುಂದಿನ ತಿಂಗಳು ಸಿಮೆಂಟು ತುಂಬಿಸಿದಂತೆ ಬರೆದ ಬಿಲ್ಲನ್ನು ಹಿಡಿದವಳು. ಹಾಗಾಗಿ ಅವರನ್ನು ಕಂಡ ಮೊದಲ ದಿನವೇ ನನ್ನ ಮನಸ್ಸಿಗೆ ಬಂದದ್ದು ಇಷ್ಟು: ಇಷ್ಟೆಲ್ಲ ಅನುಮಾನ ಪಡುವ ಮನುಷ್ಯನಿಗೆ ಮೋಸದ ದಾರಿಗಳೂ ಚೆನ್ನಾಗಿ ಗೊತ್ತಿರಬೇಕು.

ಆ ದಿನ ಯಾರದೋ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ. ನಮ್ಮವರು, ಅಂದರೆ ನನ್ನ ಗಂಡ, ತಟ್ಟೆ ತುಂಬ ಬಿಸಿಬೇಳೆಬಾತು ಹಾಕಿಕೊಂಡು ತಾವು ತರಿಸಬೇಕೆಂದಿದ್ದ ಕಾರಿನ ಕಥೆ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ಒಂದು ಸಣ್ಣ ವರ್ಕ್‌ಶಾಪಿನವರು ಕಾರನ್ನು ಬಿಡಿಬಿಡಿಯಾಗಿ ಮಾರುತ್ತಾರಂತೆ. ಚೌಕಟ್ಟು, ಮೇಲಿನ ಮೈ, ಬೋಲ್ಟು, ನಟ್ಟು ಎಲ್ಲ ಒಂದು ದೊಡ್ಡ ಮರದ ಪೆಟ್ಟಿಗೆಯಲ್ಲಿ ಬರುತ್ತದಂತೆ. ಎಂಜಿನ್ನು ಮತ್ತು ಗೇರನ್ನು ಇಲ್ಲೇ ಒಂದು ಹಳೆಯ ಕಾರಿನಿಂದ ಬಿಚ್ಚಿಕೊಂಡು, ಮನೆಯ ಗರಾಜಿನಲ್ಲೇ ಕೂಡಿಸಬಹುದಂತೆ. ಎರಡೇ ಸೀಟು, ಮೇಲೆ ಛಾವಣಿಯಿಲ್ಲ. "ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರ ಡಾಲರ್ಸ್, ಅಷ್ಟೇ. ಬಜೆಟ್ ಮಾಡಿಟ್ಟಿದೀನಿ" ಎಂದು ಫೋನು ತೋರಿಸಿದರು. ಫೋನಿನಲ್ಲಿ ಮೂರು ಸಾಲು ಇತ್ತು. ಸುತ್ತ ನಿಂತವರೆಲ್ಲ ವಾವ್ ಎಂದರು.

ಮೂಲೆಯಲ್ಲಿ ಕೂತು ಸಾಂಬಾರಿನಿಂದ ಒಂದು ಹೋಳು ತೆಗೆದು ಪರೀಕ್ಷಿಸುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆ ಕೇಳಿದರು. "ಪೆಟ್ಟಿಗೆಯ ಮರಕ್ಕೆ ಸೀಲು ಉಂಟಾ?"

"ಯಾವ ಸೀಲು ಅಂಕಲ್?"

"ಮರ ಕಾಯಿಸಿದ್ದು ಅಂತ ಸೀಲು. ಅದು ಇಲ್ಲದಿದ್ರೆ ಮರದಲ್ಲಿ ಹುಳ ಇರಬಹುದು ಅಂತ ಬಂದರಿನಿಂದಲೇ ವಾಪಸ್ ಕಳಿಸ್ತಾರೆ. ಕಾರು ಸಮೇತ."

ವಾವ್ ಎಂದವರೆಲ್ಲ ಪಾಯಸದ ಕಡೆ ಹೋದರು. ನಮ್ಮವರು ಮಾತ್ರ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮುಂದಿನ ಶನಿವಾರ ಅವರು ನಮ್ಮ ಊಟದ ಮೇಜಿನಲ್ಲಿದ್ದರು, ಕಂದು ರಟ್ಟಿನ ಒಂದು ಹಳೆಯ ಡೈರಿ ಹಿಡಿದು.

ನಮ್ಮ ಹಣದ ಸ್ಥಿತಿಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಅನುಮಾನ ಬರೀ ಕೆಟ್ಟ ಸ್ವಭಾವ ಎನಿಸೀತು. ನಮ್ಮ ಮನೆಯ ಛಾವಣಿ ಹಳತಾಗಿತ್ತು. ಮಳೆ ಬಂದರೆ ಮಗಳ ಕೋಣೆಯಲ್ಲಿ ಬಕೆಟ್ಟು ಇಡಬೇಕು. ಕೂಡಿಟ್ಟದ್ದು ನಲವತ್ತೈದು ಸಾವಿರ. ಛಾವಣಿಗೆ ಹದಿನೆಂಟು ಬೇಕು. ಉಳಿಯುವ ಇಪ್ಪತ್ತೇಳರಲ್ಲಿ ಕಾರು ಮುಗಿಯಬೇಕು, ಒಂದು ಡಾಲರು ಜಾಸ್ತಿಯಾದರೂ ಕಾರು ಬೇಡ ಎಂದು ನಾನು ಹೇಳಿದ್ದೆ. ನಮ್ಮವರು ಮಗಳ ತಲೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡಿದ್ದರು. "ವೈ ಮೈ ಹೆಡ್?" ಎಂದು ಅವಳು ಕೈ ಸರಿಸಿದ್ದಳು.

ಅಂಕಲ್ ಅಂದು ಡೈರಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದರು. ಬಾಬ್ತು. ಅವರು ಹೇಳಿದ್ದು. ಆದದ್ದು. ತಿಂದವರು.

"ತಿಂದವರು ಅಂದ್ರೆ?" ಎಂದೆ ನಾನು.

"ಅವರು ನೂರು ಅಂತ ಹೇಳಿದ್ರು. ಆದದ್ದು ನೂರಿಪ್ಪತ್ತು. ಆ ಇಪ್ಪತ್ತು ಯಾರೋ ತಿಂದ್ರಲ್ಲ? ಅವರ ಹೆಸರು ಇಲ್ಲಿ ಬರ್ಬೇಕು. ಹೆಸರಿಲ್ಲದೆ ಯಾವ ದುಡ್ಡೂ ಹೋಗುದಿಲ್ಲ ಮಾರಾಯ್ರೇ."

ಅನುಮಾನ ಇರುವಷ್ಟು ದಿನ ಪೆನ್ಸಿಲಿನಲ್ಲಿ ಬರೆಯಬೇಕು, ನಿಜ ಗೊತ್ತಾದ ಮೇಲೆ ಅದರ ಮೇಲೆ ಪೆನ್ನು. ಇದು ಅವರ ಪದ್ಧತಿ. ಆ ಮಧ್ಯಾಹ್ನ ಪೆನ್ಸಿಲಿನಲ್ಲೇ ಎರಡು ಪುಟ ತುಂಬಿತು. ನಮ್ಮವರ ಮೂರು ಸಾಲು ಮೂವತ್ತೊಂಬತ್ತು ಸಾಲಾಯಿತು. ಪೌಂಡಿನಿಂದ ಡಾಲರಿಗೆ ಬದಲಾಯಿಸುವಾಗ ಬ್ಯಾಂಕು ತಿನ್ನುವುದು, ಸುಂಕ, ವಿಮೆ, ಎಂಜಿನ್ನು ಎತ್ತುವ ಕ್ರೇನಿನ ಬಾಡಿಗೆ, ಟಯರು, ನೋಂದಣಿ. ಚರ್ಮದ ಸ್ಟಿಯರಿಂಗಿನ ಎದುರು 'ತಿಂದವರು' ಎಂಬಲ್ಲಿ 'ಇವರ ಉಮೇದು' ಎಂದು ನಮ್ಮವರನ್ನೇ ಬರೆದರು. ಒಟ್ಟು ಮೂವತ್ತನಾಲ್ಕು ಸಾವಿರ ಬಂತು. ನಮ್ಮವರ ಮುಖ ಬಾಡಿತು.

"ಕಿಟ್ ಅಂದ್ರೆ ಕಾರಲ್ಲ" ಎಂದರು ಅವರು, ಸ್ವಲ್ಪ ಮೆತ್ತಗಿನ ದನಿಯಲ್ಲಿ. "ಕಾರು ಆಗಬಹುದು ಅಂತ ಒಂದು ಆಸೆ. ಆಸೆಗೆ ಒಂದು ರೇಟು, ಕಾರಿಗೆ ಒಂದು ರೇಟು. ಇನ್ನು ಕಡಿಮೆ ಮಾಡುವ, ನೋಡುವ."

ಕಡೆಯ ಸಾಲು ನೋಡಿದರೆ 'ಮನೆಯವರ ಸಿಟ್ಟು' ಎಂದಿತ್ತು. ಎದುರಿಗೆ ಆರುನೂರು ಡಾಲರು.

"ನನ್ನ ಸಿಟ್ಟಿಗೆ ಆರುನೂರೇನಾ ಅಂಕಲ್?"

"ಅದು ನಿಮ್ಮ ಗಂಡ ಹೇಳಿದ್ದು" ಎಂದರು ತುಟಿ ಅಲುಗಿಸದೆ. "ಆದದ್ದು ಎಷ್ಟು ಅಂತ ಕಾಲಂ ಇನ್ನೂ ಖಾಲಿ ಉಂಟು." ನಾನು ನಗಬಾರದೆಂದುಕೊಂಡರೂ ನಗು ಬಂತು. ಟೀ ಕೊಟ್ಟೆ. ಕುಡಿಯುವ ಮೊದಲು ಲೋಟವನ್ನು ಓರೆ ಮಾಡಿ ತಳ ನೋಡಿದರು.

ಅವರ ಜೊತೆ ಗ್ರೋಸರಿಗೆ ಹೋಗುವುದೆಂದರೆ ನಾಚಿಕೆ. ಐದು ಪೌಂಡ್ ಎಂದು ಬರೆದ ಈರುಳ್ಳಿ ಚೀಲಗಳನ್ನೆಲ್ಲ ತೂಕದ ತಟ್ಟೆಯ ಮೇಲೆ ಒಂದೊಂದಾಗಿ ಇಟ್ಟು, ಜಾಸ್ತಿ ತೂಗುವುದನ್ನು ಆರಿಸುತ್ತಿದ್ದರು. ಇಂಗ್ಲೆಂಡಿನವರ ಜೊತೆ ವೀಡಿಯೊ ಕಾಲ್ ಮಾಡಿದ ದಿನವಂತೂ ನಮ್ಮವರು ಮೇಜಿನ ಕೆಳಗೆ ಹೋಗಿ ಕೂರುವುದೊಂದು ಬಾಕಿ. ಮರದ ಮೇಲಿನ ಸೀಲನ್ನು ಕ್ಯಾಮರಾದ ಹತ್ತಿರ ತೋರಿಸಲು ಹೇಳಿದರು, ಸರಿ. ಆಮೇಲೆ ಬೋಲ್ಟಿನ ಪ್ಯಾಕೆಟ್ಟು ಬಿಚ್ಚಿ ಎಣಿಸಲು ಹೇಳಿದರು. ಆ ಇಂಗ್ಲೆಂಡಿನವ ನಗುತ್ತಲೇ ಎಣಿಸತೊಡಗಿದ. ಹತ್ತೊಂಬತ್ತರ ಹೊತ್ತಿಗೆ ಅವನ ನಗು ನಿಂತಿತು. ಇಪ್ಪತ್ತನಾಲ್ಕು ಎಂದು ಬರೆದ ಪ್ಯಾಕೆಟ್ಟಿನಲ್ಲಿ ಇಪ್ಪತ್ತೊಂದಿತ್ತು. "ಬರ್ದದ್ದು ಯಾರೋ, ತುಂಬಿಸಿದ್ದು ಯಾರೋ" ಎಂದು ಅಂಕಲ್ ಕನ್ನಡದಲ್ಲೇ ಅವನಿಗೆ ಹೇಳಿದರು. ಅವನು ಸಾರಿ ಎಂದ.

ಹೀಗೆ ಒಂದೊಂದಾಗಿ ಕತ್ತರಿಸಿ, ಬೇರೆಯವರ ಸರಕಿನ ಜೊತೆ ಕಂಟೇನರು ಹಂಚಿಕೊಂಡು, ಚರ್ಮದ ಸ್ಟಿಯರಿಂಗು ಕೈಬಿಟ್ಟು, ಮೊತ್ತವನ್ನು ಇಪ್ಪತ್ತಾರು ಸಾವಿರದ ಎಂಟುನೂರಕ್ಕೆ ತಂದರು. ನನ್ನ ಗಡಿಗೆ ಇನ್ನೂರು ಡಾಲರು ಮಾತ್ರ ಬಾಕಿ. ಅಷ್ಟು ಸರಿಯಾಗಿ ಹೇಗೆ ಬಂತು ಎಂದು ನನಗೆ ಅದೂ ಒಂದು ಅನುಮಾನ. ಒಂದು ದಿನ ಅವರು ನನ್ನನ್ನು ನೋಡಿ ಹೇಳಿಯೇಬಿಟ್ಟರು. "ನಿಮಗೆ ನನ್ನ ಮೇಲೆ ಸಂಶಯ ಉಂಟು. ಒಳ್ಳೇದೇ. ಇಟ್ಕೊಳ್ಳಿ. ಆದ್ರೆ ಸಂಶಯ ಬಂದ್ರೆ ಬಾಯಿ ಬಿಟ್ಟು ಕೇಳ್ಬೇಕು. ಒಳಗೆ ಇಟ್ರೆ ಅದು ಹಾಳಾಗ್ತದೆ."

ನಾನು ಕೇಳಲಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಪೆಟ್ಟಿಗೆ ಹೊತ್ತ ಹಡಗು ಇಲ್ಲಿನ ಬಂದರಿಗೆ ಬರುವ ಹೊತ್ತಿಗೆ ಹೇವರ್ಡ್‌ನ ಒಬ್ಬ ಕಸ್ಟಮ್ಸ್ ಏಜೆಂಟನ ಬಿಲ್ಲು ಬಂತು. ಹಡಗಿನ ಪಾಲು, ಸುಂಕ, ಕಾಗದಪತ್ರ ಎಲ್ಲ ಸೇರಿ ಎರಡು ಸಾವಿರದ ಆರುನೂರು. ಏಜೆಂಟನನ್ನು ಗೊತ್ತು ಮಾಡಿದ್ದು ಅಂಕಲ್. ಅವನೂ ಮಂಗಳೂರಿನವನೇ. ಬಿಲ್ಲಿನ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, 'ಇತರೆ ಸೇವೆ ನೂರೈವತ್ತು' ಎಂದಿತ್ತು. ಅದೇನೆಂದು ನಮ್ಮವರು ಕೇಳಿದಾಗ ಅಂಕಲ್, "ಅದು ಇರ್ಲಿ, ಬೇಕಾಗ್ತದೆ" ಎಂದುಬಿಟ್ಟರು.

ಇರಲಿ! ಮೂರು ಬೋಲ್ಟಿಗೆ ಸಮುದ್ರದಾಚೆಯವನನ್ನು ಹಿಡಿದ ಮನುಷ್ಯ ನೂರೈವತ್ತು ಡಾಲರಿಗೆ 'ಇರಲಿ' ಎಂದರೆ ನನ್ನಂಥವಳು ಸುಮ್ಮನಿರುವುದುಂಟೇ? ಊರಿನವರಿಬ್ಬರೂ ಹಂಚಿಕೊಳ್ಳುತ್ತಿದ್ದಾರೆ ಎಂದು ಖಾತ್ರಿಯಾಯಿತು. ಮನೆಯ ಪಾವತಿಯೆಲ್ಲ ನನ್ನ ಕೈಯಲ್ಲಿ. ನಮ್ಮವರು ಬ್ಯಾಂಕಿನ ಪಾಸ್‌ವರ್ಡು ಮರೆತು ವರ್ಷಗಳಾಗಿವೆ. ನಾನು ಆ ಹಣವನ್ನು ಕಳಿಸದೆ ಹಿಡಿದಿಟ್ಟೆ.

"ಏಜೆಂಟ್‌ದು ಪೇ ಮಾಡಿದ್ಯಾ?" ಎಂದು ನಮ್ಮವರು ಕೇಳಿದರು.

"ಹ್ಞೂಂ, ಅವತ್ತೇ" ಎಂದೆ.

ಒಂಬತ್ತು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಕ್ಲಿನಿಕ್ಕಿನ ಹಿಂದೆ ಪಾರ್ಕ್ ಮಾಡಿದ ಕಾರಿನಲ್ಲಿ ಕೂತು, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೇರೆ ಏಜೆಂಟರಿಗೆ ಫೋನು ಮಾಡಿದೆ. ಒಬ್ಬ ಮೂರು ಸಾವಿರದ ನೂರು ಹೇಳಿದ. ಇನ್ನೊಬ್ಬ ಅದಕ್ಕೂ ಜಾಸ್ತಿ. ಹತ್ತನೆಯ ದಿನ ಸೋತು ಹಣ ಕಳಿಸಿದೆ. ಅಷ್ಟರಲ್ಲಿ ಪೆಟ್ಟಿಗೆ ಬಂದು, ಏಜೆಂಟನಿಗೆ ಹಣ ಮುಟ್ಟದೇ ಇದ್ದದ್ದರಿಂದ ಗೋದಾಮಿನಲ್ಲೇ ಬಿದ್ದಿತ್ತು. ಬಿಟ್ಟಿ ದಿನಗಳು ಮುಗಿದ ಮೇಲೆ ಅಲ್ಲಿ ದಿನಕ್ಕಿಷ್ಟು ಎಂದು ಬಾಡಿಗೆ ಏರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಒಂಬೈನೂರ ಎಂಬತ್ತು ಡಾಲರು.

ಶನಿವಾರ ಆ ಬಿಲ್ಲು ಹಿಡಿದು ಅಂಕಲ್ ಬಂದರು. ನಮ್ಮವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. "ಇದು ಹೇಗ್ ಬಂತು ಅಂಕಲ್? ದುಡ್ಡು ಅವತ್ತೇ ಕಳಿಸಿದೀವಲ್ಲ? ಇನ್ನೂರು ಡಾಲರ್ ಮಾರ್ಜಿನ್ ಇಟ್ಕೊಂಡು ಕೂತಿದೀನಿ ನಾನು. ರೂಫಿಂಗ್‌ನೋರಿಗೆ ಏನ್ ಹೇಳ್ಲಿ?"

ನಾನು ಅಡುಗೆಮನೆಯ ಕಟ್ಟೆಯ ಹತ್ತಿರ ಟೀ ಸೋಸುತ್ತಿದ್ದೆ. ಅಂಕಲ್ ಆ ಬಿಲ್ಲನ್ನು ಎತ್ತಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಕಾಗದದ ಮೇಲಂಚಿನಿಂದ ಅವರ ಕಣ್ಣು ಒಂದು ಸಲ ನನ್ನ ಕಡೆ ಬಂತು. ಸೋಸುವ ಜಾಲರಿ ನನ್ನ ಕೈಯಲ್ಲೇ ನಿಂತಿತು.

"ನನ್ನಿಂದ ಆದದ್ದು" ಎಂದರು. "ಒಂದು ಕಾಗದ ಕಳಿಸ್ಲಿಕ್ಕೆ ಮರ್ತೆ."

ಮಾರನೆಯ ದಿನ ಲಕೋಟೆಯಲ್ಲಿ ಒಂಬೈನೂರ ಎಂಬತ್ತು ಡಾಲರು ತಂದು ಮೇಜಿನ ಮೇಲಿಟ್ಟರು. ನಮ್ಮವರು ಬೇಡ ಬೇಡ ಎಂದರೂ ಕೇಳಲಿಲ್ಲ. "ಮನೆಯ ಮಾಡು ಆಗ್ಬೇಕಲ್ಲ. ಮಗುವಿನ ಕೋಣೆ ಸೋರ್ತದೆ" ಎಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಒಂದು ವಾಕ್ಯ ಸಾಕಿತ್ತು. ತೆರೆಯಲಿಲ್ಲ. ಹೆದರಿದ್ದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಆ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಮತ್ತೆ ಅನುಮಾನವನ್ನೇ ಹಿಡಿದುಕೊಂಡೆ. ಸುಮ್ಮನೆ ಯಾರಾದರೂ ಇಷ್ಟು ಹಣ ಕೊಡುತ್ತಾರೆಯೇ, ಏಜೆಂಟನಿಂದ ತಿಂದದ್ದನ್ನು ಹೆದರಿ ವಾಪಸು ಮಾಡಿರಬೇಕು ಎಂದುಕೊಂಡೆ. ಹಾಗೆಂದುಕೊಂಡರೆ ನಿದ್ದೆ ಬರುತ್ತಿತ್ತು.

ಆ ನೆಪವೂ ನಾಲ್ಕೇ ದಿನ ಉಳಿಯಿತು. ಪೆಟ್ಟಿಗೆ ಹೊತ್ತ ಲಾರಿ ಬಂದಾಗ ಅದರಿಂದ ಇಬ್ಬರು ಆಳುಗಳು ಇಳಿದು, ಅಷ್ಟು ಭಾರದ ಪೆಟ್ಟಿಗೆಯನ್ನು ಕೈಗಾಡಿಯ ಮೇಲೆ ಉರುಳಿಸಿ, ಗರಾಜಿನ ಒಳಗೆ ಸರಿಯಾದ ಜಾಗದಲ್ಲಿ ಇಟ್ಟುಹೋದರು. ಇಲ್ಲದಿದ್ದರೆ ರಸ್ತೆಯ ಅಂಚಿನಲ್ಲಿ ಇಳಿಸಿ ಹೋಗುತ್ತಾರಂತೆ. 'ಇತರೆ ಸೇವೆ' ಅಂದರೆ ಅದು. ನಮ್ಮವರಿಗೆ ಮೊದಲೇ ಹೇಳಿದ್ದರೆ, ಸ್ನೇಹಿತರನ್ನು ಕರೆದು ಎತ್ತಿಸುತ್ತೇನೆ ಎಂದು ಆ ನೂರೈವತ್ತನ್ನೂ ಕತ್ತರಿಸಿ ಸೊಂಟ ಮುರಿದುಕೊಳ್ಳುತ್ತಿದ್ದರು. ಅಂಕಲ್‌ಗೆ ನಮ್ಮವರ ಉಮೇದಿನ ಮೇಲೂ ನಂಬಿಕೆ ಇರಲಿಲ್ಲ.

ಆ ಬಾಡಿಗೆಯಿಂದ ಅವರಿಗೆ ಆದ ನಷ್ಟ ಹಣದ್ದೊಂದೇ ಅಲ್ಲ. ನಮ್ಮವರು ಬಜೆಟ್ಟನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡರು. "ನೀವು ರೆಸ್ಟ್ ತಗೊಳ್ಳಿ ಅಂಕಲ್, ಪೇಪರ್‌ವರ್ಕ್ ನಾನೇ ನೋಡ್ಕೋತೀನಿ" ಎಂದರು, ಒಳ್ಳೆಯ ಮಾತಿನಲ್ಲೇ. ಪರಿಚಯದವರ ಮನೆಗಳಲ್ಲಿ, "ಪಾಪ, ವಯಸ್ಸಾಯ್ತು, ಈಗೀಗ ಮರೆವು" ಎಂದೂ ಹೇಳಿದರು. ಊರಿನಿಂದ ಸಾಮಾನು ತರಿಸುವಾಗ, ಮನೆ ಕೊಳ್ಳುವಾಗ ಕಾಗದ ಹಿಡಿದು ಅವರ ಮನೆಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಹೋಗುವುದನ್ನು ಬಿಟ್ಟರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಆದರೂ ಅವರು ಪ್ರತಿ ಶನಿವಾರ ಬರುತ್ತಿದ್ದರು. ಗರಾಜಿನಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂರುತ್ತಿದ್ದರು. ನಮ್ಮವರು ಹೊಸ ಬಿಲ್ಲೊಂದನ್ನು ಪಾರ್ಸೆಲ್ಲಿನಿಂದ ತೆಗೆದಾಗ ಅವರ ಎರಡೂ ಕೈ ತಾವಾಗಿಯೇ ಮುಂದೆ ಬರುತ್ತಿದ್ದವು. ನಮ್ಮವರು ಅದನ್ನು ನೋಡದೆ ಫೈಲಿಗೆ ಹಾಕಿಕೊಳ್ಳುತ್ತಿದ್ದರು. ಕೈಗಳು ತಿರುಗಿ ಮಡಿಲಿಗೆ ಹೋಗುತ್ತಿದ್ದವು. ಆಮೇಲೆ ಅವರು ಎಷ್ಟಾಯಿತು ಎಂದು ಬಾಯಿಮಾತಿನಲ್ಲೇ ಕೇಳಿಕೊಂಡು, ಬೋಲ್ಟು ಎಣಿಸುತ್ತಿದ್ದರು. ನಾನು ಟೀ ತಂದುಕೊಟ್ಟರೆ, ಮೊದಲಿನಂತೆ ಲೋಟದ ತಳ ನೋಡಿ, ಕುಡಿದು, "ಒಳ್ಳೆದುಂಟು" ಎನ್ನುತ್ತಿದ್ದರು. ಬೇರೆ ಒಂದು ಮಾತಿಲ್ಲ, ಒಂದು ನೋಟವಿಲ್ಲ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಳೆಗಾಲ ಬರುವ ಮುಂಚೆ ಹೊಸ ಛಾವಣಿಯಾಯಿತು. ಕಾರಿಗೆ ಒಂದೂವರೆ ವರ್ಷ ಹಿಡಿಯಿತು. ನೋಂದಣಿಯಾಗಿ ನಂಬರು ಬಂದ ದಿನ ನಮ್ಮವರು ಮೊದಲ ಸವಾರಿಗೆ ಅವರನ್ನೇ ಕೂರಿಸಿಕೊಂಡರು. ಅವರು ಬೆಲ್ಟನ್ನು ಮೂರು ಸಲ ಜಗ್ಗಿ ನೋಡಿದರು. ಬೆಟ್ಟದ ಕಡೆಗೆ ಏರುವ ರಸ್ತೆಯ ತುದಿಯವರೆಗೆ ಹೋಗಿ ಬಂದರು. ಅಷ್ಟು ಹೊತ್ತೂ ಒಂದು ಕೈ ಕಾರಿನ ಅಂಚನ್ನು ಬಿಟ್ಟಿರಲಿಲ್ಲ. ಇಳಿದು, ಕೂದಲು ಸರಿಮಾಡಿಕೊಂಡು, ಬಾನೆಟ್ಟಿನ ಮೇಲೆ ಒಮ್ಮೆ ಬಡಿದು, "ಕಾರು ಹೌದು" ಎಂದರು. ಅವರು ಯಾವುದನ್ನಾದರೂ ಹೌದು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದಾಗಿ ಎರಡು ತಿಂಗಳಿಗೆ ಎದೆನೋವು ಬಂದು ಹೋದರು. ಆಸ್ಪತ್ರೆಯಲ್ಲಿ ಸಹಿ ಹಾಕುವ ಮುಂಚೆ ಅಲ್ಲಿಯ ಕಾಗದವನ್ನೂ ಬೆಳಕಿಗೆ ಹಿಡಿದಿದ್ದರಂತೆ.

ಹೋದ ಭಾನುವಾರ ಅವರ ಮಗಳು ಲಾಸ್ ಆಲ್ಟೋಸ್‌ನಿಂದ ಬಂದಳು. ಮನೆ ಖಾಲಿ ಮಾಡುತ್ತಿದ್ದಾಳೆ. ಬಾಗಿಲಲ್ಲೇ ನಿಂತು ಆ ಕಂದು ಡೈರಿಯನ್ನು ನನಗೆ ಕೊಟ್ಟಳು. "ಅಪ್ಪ ಹಾಸ್ಪಿಟಲ್‌ನಲ್ಲಿ ಹೇಳಿದ್ರು ಅಕ್ಕಾ. ನಿಮ್ಮ ಕೈಗೇ ಕೊಡ್ಬೇಕಂತೆ. ನಾಟ್ ಟು ಯುವರ್ ಹಸ್ಬೆಂಡ್ ಅಂತ ಎರಡು ಸಲ ಹೇಳಿದ್ರು. ಏನಿದೆ ಇದ್ರಲ್ಲಿ?"

"ಕಾರಿನ ಲೆಕ್ಕ" ಎಂದೆ.

ಅವಳು ಹೋದ ಮೇಲೆ ಊಟದ ಮೇಜಿನಲ್ಲಿ ಕೂತು ತೆರೆದೆ. ಮೂವತ್ತೊಂಬತ್ತು ಸಾಲೂ ಪೆನ್ನಿನಲ್ಲಿತ್ತು. ಎರಡು ಡಾಲರಿನ ಹಗ್ಗಕ್ಕೂ ತಿಂದವರ ಹೆಸರಿತ್ತು. ನೂರೈವತ್ತರ ಎದುರು 'ಯಾರೂ ತಿಂದಿಲ್ಲ' ಎಂದಿತ್ತು. 'ಮನೆಯವರ ಸಿಟ್ಟು' ಎಂಬ ಸಾಲಿನಲ್ಲಿ 'ಅವರು ಹೇಳಿದ್ದು' ಆರುನೂರು. 'ಆದದ್ದು' ಎಂಬ ಕಡೆ 'ಟೀ ಕೊಟ್ಟರು' ಎಂದು ಬರೆದಿದ್ದರು.

ಅದರ ಕೆಳಗೆ, ಪುಟದ ಅಡಿಯಲ್ಲಿ, ಆಮೇಲೆ ಸೇರಿಸಿದ ನಲವತ್ತನೆಯ ಸಾಲು. ಗೋದಾಮಿನ ಬಾಡಿಗೆ. ಅವರು ಹೇಳಿದ್ದು, ಸೊನ್ನೆ. ಆದದ್ದು, ಒಂಬೈನೂರ ಎಂಬತ್ತು. ಪಕ್ಕದಲ್ಲಿ ಪಿನ್ನು ಹಾಕಿ ಏಜೆಂಟನ ರಸೀದಿ, ನನ್ನ ಹಣ ತಲುಪಿದ ತಾರೀಖಿನ ಕೆಳಗೆ ಪೆನ್ನಿನ ಒಂದು ಗೆರೆ. ತಿಂದವರು ಎಂಬ ಕಾಲಂ ಖಾಲಿ.

ಆ ಪುಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಬರೆದು ಅಳಿಸಿದ ಗುರುತೂ ಇರಲಿಲ್ಲ. ಹಿಂಬದಿ ತಿರುಗಿಸಿದೆ, ಅಲ್ಲೂ ಏನಿಲ್ಲ. ಈ ಮನುಷ್ಯ ಮರೆತು ಒಂದು ಕಾಲಂ ಬಿಡುವವರಲ್ಲ. ನನಗೆ ಈಗಲೂ ಅನುಮಾನವೇ. ನನ್ನನ್ನು ಕ್ಷಮಿಸಿ ಖಾಲಿ ಬಿಟ್ಟರೋ, ನಾನೇ ಬರೆಯಲಿ ಎಂದು ಕಾದು ಬಿಟ್ಟರೋ? ಗಂಡನ ಕೈಗೆ ಬೇಡ ಎಂದು ಎರಡು ಸಲ ಹೇಳಿದವರು ಬರೀ ಕ್ಷಮಿಸಿ ಸುಮ್ಮನಾಗುವವರಂತೆ ನನಗೆ ಕಾಣಲಿಲ್ಲ. ಕೊನೆಯವರೆಗೂ ಆ ತಪ್ಪನ್ನು ಹೊತ್ತವರು ಅವರು, ಅವರನ್ನು ಮರೆವಿನ ಮುದುಕ ಎಂದು ಎಲ್ಲರೂ ಅನ್ನಲು ಬಿಟ್ಟವಳು ನಾನು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಡೈರಿಯ ಬೆನ್ನಿನಲ್ಲಿ ಅವರ ಪೆನ್ಸಿಲು ಹಾಗೇ ಇತ್ತು. ಅದನ್ನು ಮುಟ್ಟದೆ ನನ್ನ ಪೆನ್ನು ತಂದು, ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ.

ಗರಾಜಿನಲ್ಲಿ ಎಂಜಿನ್ನಿನ ಸದ್ದು. ನಮ್ಮವರು ಏನೋ ಬಿಗಿಮಾಡುತ್ತಿದ್ದರು. ಆಫ್ ಮಾಡಿ ಎಂದೆ. ಕೈ ಒರೆಸಿಕೊಂಡು ಡೈರಿ ತೆಗೆದುಕೊಂಡರು. "ಅಯ್ಯೋ, ಅಂಕಲ್ ಡೈರಿ! ಎಲ್ಲಿತ್ತು ಇದು?" ಎನ್ನುತ್ತ ಮೊದಲ ಸಾಲಿನ ಮೇಲೆ ಬೆರಳಿಟ್ಟು, ನಗುತ್ತ ಓದತೊಡಗಿದರು.

"ಮೇಲಿಂದ ಬೇಡ ರೀ" ಎಂದೆ. "ಕೆಳಗಿಂದ ಓದಿ."